ಹೊರಬುಟ್ಟಿಗೆ ಬಿದ್ದ ಚಿಪ್ಪು

ತೇಲುಕೇರಿ, ಹಳೆಯ ಕಾರವಾರದ ಮೇಲಿನ ನೀರು
ಫೆಬ್ರವರಿ ಮೂವತ್ತು, ೨೩೯೧

ಹಿರಿಯರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲದ ದಿನದಿಂದ ಬರೆಯುತ್ತಿದ್ದೇನೆ, ಕ್ಷಮಿಸಿ. ನಮ್ಮವರು ತಿಂಗಳುಗಳನ್ನು ಸರಿಮಾಡಿಕೊಂಡಾಗ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿತು. ಮಾತುಗಳೂ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು. ಇಷ್ಟು ಕಾಲ ಉಪ್ಪುಗಾಳಿಯಲ್ಲಿ ಇಟ್ಟರೆ ಭಾಷೆಗೂ ತುಕ್ಕು ಹಿಡಿಯುತ್ತದೆ.

ತೇಲುಕೇರಿ ಎಂದರೆ ತೆಪ್ಪಗಳನ್ನು ಒಂದಕ್ಕೊಂದು ಕಟ್ಟಿ ಮಾಡಿದ ನಮ್ಮ ಊರು. ಕೆಳಗೆ ನೀರಿನಲ್ಲಿ ಮುಳುಗಿದ ನಿಮ್ಮ ಬೀದಿಗಳಿವೆ. ಕೈಲಿರುವುದನ್ನೂ ಕೈಲಿಲ್ಲದ್ದನ್ನೂ ಬೇರೆ ಮಾಡಿ ನೋಡಿ ಎಂದು ಗ್ರೀಸಿನ ಕಂಬಸಾಲಿನಲ್ಲಿ ಪಾಠ ಹೇಳುತ್ತಿದ್ದ ಸ್ಟೋಯಿಕ್ ಗುರುಗಳನ್ನು ನೀವು ಪುಸ್ತಕ ಮಾಡಿ ಕಪಾಟಿನಲ್ಲಿಟ್ಟಿರಿ, ನಾವು ಅಡುಗೆಮನೆಗೆ ಕರೆತಂದೆವು. ನಮ್ಮ ಪ್ರತಿ ಮನೆಯ ಬಾಗಿಲಲ್ಲೂ ಎರಡು ಬುಟ್ಟಿ ತೂಗುತ್ತವೆ, ಒಳಬುಟ್ಟಿ ಮತ್ತು ಹೊರಬುಟ್ಟಿ. ಸಂಜೆ ಊಟಕ್ಕೆ ಮೊದಲು ಪ್ರತಿಯೊಬ್ಬರೂ ದಿನದ ಚಿಂತೆಯನ್ನು ಗಟ್ಟಿಯಾಗಿ ಹೇಳಿ, ಅದರ ಹೆಸರಲ್ಲಿ ಒಂದು ಚಿಪ್ಪು ಹಾಕುತ್ತೇವೆ. ನಮ್ಮ ಕೈಲಿರುವುದು ಒಳಬುಟ್ಟಿಗೆ, ಮುಂದಿನ ಕೆಲಸಕ್ಕೆ. ಕೈಲಿಲ್ಲದ್ದು ಹೊರಬುಟ್ಟಿಗೆ, ಅದನ್ನು ಕಡಲಿಗೆ ಸುರಿದು, ಕೈ ತೊಳೆದು ಉಣ್ಣುತ್ತೇವೆ. ಹಬ್ಬದ ಮರುದಿನ ಊರಿಗೆ ಊರೇ ಉಪ್ಪುಗಂಜಿ ಕುಡಿದು ಬರೀ ಹಲಗೆಯ ಮೇಲೆ ಮಲಗುತ್ತದೆ, ಇದ್ದದ್ದು ಹೋದರೂ ಬದುಕಬಹುದೆಂದು ಮೈಗೆ ನೆನಪಿರಲಿ ಅಂತ. ಮಕ್ಕಳು ಗೊಣಗುತ್ತವೆ, ಆದರೆ ಗಂಜಿ ಉಳಿಸುವುದಿಲ್ಲ. ಇಂಥ ಊರಿನವಳು ಎನ್ನಲು ನನಗೆ ಹೆಮ್ಮೆ, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಕಳೆದ ಮಳೆಗಾಲದ ಕೊನೆಗೆ ಮೀನು ಹಿಡಿಯಲು ಹೋದ ನನ್ನ ಮಗಳು ಗುಲಾಬಿ, ಬಿರುಗಾಳಿಗೆ ಸಿಕ್ಕಿ ಮರಳಲಿಲ್ಲ. ಅಳಿಯ ಬೊಮ್ಮಯ್ಯ ಅವಳ ಹೆಸರಿನ ಚಿಪ್ಪನ್ನು ಹೊರಬುಟ್ಟಿಗೆ ಹಾಕಿ, ಕಡಲಿಗೆ ಸುರಿದು, ತಟ್ಟೆಯ ಮುಂದೆ ಕೂತ. ಎಂಥ ಗಟ್ಟಿ ಮನಸ್ಸು ಎಂದು ಕೇರಿಯವರು ತಲೆದೂಗಿದರು. ನಾನು ಅವನ ತಟ್ಟೆ ಎತ್ತಿ ಬದಿಗಿಟ್ಟು ಕೇಳಿದೆ:

"ಗಾಳಿ ನಮ್ಮ ಕೈಲಿಲ್ಲ ಬೊಮ್ಮಯ್ಯಾ. ದೋಣಿಯ ಹುಟ್ಟು ಯಾರ ಕೈಲದೆ?"

ಅವನು ತುತ್ತು ಬಿಟ್ಟು ಎದ್ದ. ಆಗ ಅವನ ಕಣ್ಣಲ್ಲಿ ನೀರು ಬಂತು. ನಮ್ಮಲ್ಲಿ ಅಳುವುದಕ್ಕೆ ತಡೆಯಿಲ್ಲ, ಅಳುತ್ತಲೂ ಹುಟ್ಟು ಹಾಕಬಹುದು. ತಲೆದೂಗಿದವರೂ ಅವಳನ್ನು ಹುಡುಕಲು ತಮ್ಮ ದೋಣಿ ಬಿಚ್ಚಿದರು. ಸಿಗುತ್ತಾಳೋ ಇಲ್ಲವೋ ಎಂಬ ಚಿಪ್ಪನ್ನು ಮಾತ್ರ ನಾನೇ ಹೊರಬುಟ್ಟಿಗೆ ಹಾಕಿದೆ. ಆಮೇಲೆ ಅವರ ಜೊತೆ ದೋಣಿ ಹತ್ತಿದೆ.

ಬೆಳಗಾದ ಮೇಲೆ ದೂರದ ಬಂಡೆಯ ಬಳಿ ಅವಳ ಒಡೆದ ದೋಣಿ ಕಂಡಿತು, ಅದರಲ್ಲಿ ಅವಳೂ ಇದ್ದಳು. ಬೊಮ್ಮಯ್ಯ ಕೂಗಿದರೂ ಅವಳು ಕೈಯ ಚೊಂಬು ಕೆಳಗಿಡಲಿಲ್ಲ.

"ನೀವು ಬರ್ತ್ರಿ ಅಂತ ಕೂತಿರ್ಲಿಲ್ಲ ಅವ್ವಿ," ಎಂದಳು. "ನೀರು ಹೊರಗೆ ಹಾಕ್ತಾ ಕೂತಿದ್ದೆ."

ಹೆತ್ತವಳಿಗೆ ಇದಕ್ಕಿಂತ ಇನ್ನೇನು ಬೇಕು?

ಹಿರಿಯರೇ, ನೀವು ಬಿಸಿಮಾಡಿ ಕಳಿಸಿದ ಈ ಕಡಲು ನಮ್ಮ ಪಾಲಿಗೆ ಹೊರಬುಟ್ಟಿಯದು. ಅದಕ್ಕಾಗಿ ನಿಮ್ಮ ಮೇಲಿದ್ದ ಸಿಟ್ಟನ್ನೂ ಎಂದೋ ಸುರಿದುಬಿಟ್ಟೆವು. ನಿಮ್ಮ ಪಾಲಿಗೆ ಅದು ಇನ್ನೂ ಒಳಬುಟ್ಟಿಯಲ್ಲೇ ಇದೆ. ಊಟಕ್ಕೆ ಕೂರುವ ಮೊದಲು ಒಮ್ಮೆ ನೋಡಿಕೊಳ್ಳಿ.

ಹತ್ತಾರು ತಲೆಮಾರಿನಾಚೆಯ ನಿಮ್ಮ ಮೊಮ್ಮಕ್ಕಳ ಪೈಕಿ,
ಮಾಸ್ತಮ್ಮ