ಬೇಕರಿಯವನ ಲಿವರು

೯ ಆಗಸ್ಟ್, ಶನಿವಾರ

ಪ್ರೀತಿಯ ಪುಟ್ಟಿ,

ಗುಂಡನ ಕೆಮ್ಮು ಇಳಿಯಿತೆ? ನಿಮ್ಮತ್ತೆಯವರ ಮಂಡಿನೋವು ಹೇಗಿದೆ? ಅಳಿಯಂದಿರು ಹೊಸ ಕನ್ನಡಕಕ್ಕೆ ಒಗ್ಗಿಕೊಂಡರೋ, ಇಲ್ಲ ಈಗಲೂ ಅದನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತಾರೋ? ನಿನ್ನ ಕಾಗದ ಬಂದು ಬಹಳ ದಿನವಾಯಿತು, ಬೇಸರಿಸಬೇಡ. ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ನಾನು ಆಸ್ಪತ್ರೆಯಲ್ಲೇ ತಮ್ಮನ ಪಕ್ಕ ಇದ್ದೇನೆ. ನಿನ್ನ ಅಪ್ಪನಿಗೆ ಪಾರ್ಶ್ವವಾಯು ಬಡಿದಿದೆ. ಬಲಗೈ, ಬಲಗಾಲು ಏಳುತ್ತಿಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಪ್ಪನ ಸುದ್ದಿ ಎತ್ತಿದರೆ ನೀನು ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಅರ್ಧ ಓದಿ ಬಿಸಾಡಿದರೂ ಮತ್ತೆ ಎತ್ತಿಕೊಳ್ಳಬಹುದು.

ಸೋಮವಾರ ಬೆಳಿಗ್ಗೆ ಬೇಕರಿಯಲ್ಲಿ ಬ್ರೆಡ್ಡಿನ ತಟ್ಟೆ ಹೊರಗೆಳೆಯುವಾಗ ಕೈ ಜಾರಿತಂತೆ. ಮಾತೂ ತೊದಲಿತು. "ಏನಪ್ಪಾ, ಬೆಳ್‌ಬೆಳಿಗ್ಗೇನೇ ಏರಿಸ್ಕೊಂಡು ಬಂದ್ಯಾ?" ಎಂದರಂತೆ ಯಜಮಾನರು. ಜೊತೆಯವರು ನಕ್ಕರು. "ಇಳಿಯೋವರ್ಗೂ ಮಲಗ್ಲಿ ಬಿಡಿ" ಎಂದು ಮೈದಾ ಮೂಟೆಗಳ ಮೇಲೆ ಮಲಗಿಸಿ ತಮ್ಮ ತಮ್ಮ ಕೆಲಸಕ್ಕೆ ಹೋದರು. ಮಧ್ಯಾಹ್ನ ಎಬ್ಬಿಸಹೋದಾಗ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಆಗಲೇ ತಂದಿದ್ದರೆ ಕೈಯಾದರೂ ಉಳಿಯುತ್ತಿತ್ತೇನೋ ಎಂದರು ಡಾಕ್ಟರಮ್ಮ. ಬೇಕರಿಯವರನ್ನು ಬೈದು ಏನು ಬಂತು? ಕುಡುಕ ಎಂಬ ಹೆಸರು ಅಲ್ಲಿಗೆ ಹೋದದ್ದು ಮನೆಯಿಂದಲೇ.

ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಲಿವರಿನಲ್ಲಿ ಕೊಬ್ಬು ಸೇರಿದೆ ಅಂದಿದ್ದರಲ್ಲ, ಆವತ್ತೇ ನಿನ್ನ ಅಮ್ಮ ತೀರ್ಮಾನಿಸಿಬಿಟ್ಟಳು. ಲಿವರು ಕೆಟ್ಟಿದೆ ಅಂದರೆ ಕುಡಿತ, ಇನ್ನೇನು. ದಿನಾ ಸಂಜೆ ಬಾಗಿಲಲ್ಲೇ ನಿಲ್ಲಿಸಿ ಅವನ ಬಾಯಿ ಮೂಸುವಳು. "ವಾಸ್ನೆ ಬರ್ದೇ ಇರೋ ಹಾಗೆ ಏನೋ ಅಗಿದ್ಕೊಂಡು ಬರ್ತಾರೆ, ನಂಗೊತ್ತಾಗಲ್ವಾ?" ಎಂದು ಬೀದಿಗೆಲ್ಲ ಕೇಳಿಸುವಳು. ಅವನು ಅಗಿಯುತ್ತಿದ್ದುದು ಕೇಕಿನ ಅಂಚು. ಮುರಿದ ಬಿಸ್ಕತ್ತು, ಸೀದ ಬನ್ನು, ಕತ್ತರಿಸಿ ಉಳಿದ ಕೇಕು, ಇಷ್ಟು ವರ್ಷ ಇವೇ ಅವನ ಮಧ್ಯಾಹ್ನದ ಊಟ.

ಡಾಕ್ಟರಮ್ಮ ಅವನ ಮಿದುಳಿನ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಪೊಟ್ಟಣದ ಕಾಗದ ಓದಿ ಅಕ್ಷರ ಕಲಿತವಳು ನಾನು, ಎರಡೆರಡು ಸಲ ಹೇಳಿಸಿಕೊಂಡೆ. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಪೆಡಸಾಗಿ, ಒಳಗೆ ಕೊಬ್ಬು ಕಟ್ಟಿ, ಸಣ್ಣಗಾಗಿವೆಯಂತೆ. ಲಿವರಿನಲ್ಲಿ ಕೊಬ್ಬಿರುವವರಿಗೆ ಹೀಗಾಗುವುದು ಹೆಚ್ಚಂತೆ.

"ಅದರಿಂದಲೇ ಇದಾಯ್ತಾ ತಾಯಿ?" ಎಂದೆ.

"ಅಷ್ಟು ಖಡಾಖಂಡಿತವಾಗಿ ಹೇಳಕ್ಕಾಗಲ್ಲ ಅಜ್ಜಿ. ಬೊಜ್ಜು, ಸಕ್ಕರೆ ಕಾಯಿಲೆ, ಬಿಪಿ, ಇವು ಲಿವರು, ರಕ್ತನಾಳ ಎರಡನ್ನೂ ಕೆಡಿಸ್ತವೆ. ಲಿವರ್‌ನಲ್ಲಿ ಕೊಬ್ಬು ಕಂಡಾಗ್ಲೇ ಇವನ್ನೆಲ್ಲ ನೋಡಿಸ್ಬೇಕಿತ್ತು."

"ಕುಡೀದೇ ಇರೋವ್ರಿಗೂ ಬರತ್ತಾ?"

"ಒಂದು ತೊಟ್ಟು ಮುಟ್ಟದೇ ಇರೋವ್ರಿಗೂ ಬರತ್ತೆ."

ನಿನ್ನ ಅಮ್ಮ ಪಕ್ಕದಲ್ಲೇ ನಿಂತಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು.

ಗುಂಡನ ಹುಟ್ಟುಹಬ್ಬದ ದಿನದ್ದನ್ನೂ ಡಾಕ್ಟರಮ್ಮನಿಗೆ ಹೇಳಿದೆ. ಅಪ್ಪ ತಾನೇ ಮಾಡಿದ ಕೇಕು ಹಿಡಿದು ನಿನ್ನ ಬಾಗಿಲಲ್ಲಿ ತೂರಾಡಿದ್ದು, ಕೇಕು ನಿಮ್ಮತ್ತೆಯವರ ಕಾಲ ಮೇಲೆ ಬಿದ್ದದ್ದು, ಅರ್ಧ ಗಂಟೆ ನಾಲಿಗೆ ಹೊರಳದೆ ಹೋದದ್ದು. ಅದು ಮೊದಲ ಎಚ್ಚರಿಕೆ ಇರಬೇಕು ಎಂದರು. ಬಂದವರೆಲ್ಲರ ಎದುರು ನೀನು "ಇನ್ಮೇಲೆ ನನ್ ಮನೆ ಮೆಟ್ಲು ಹತ್‌ಬೇಡಿ ಅಪ್ಪ" ಎಂದದ್ದನ್ನು ಮಾತ್ರ ಹೇಳಲಿಲ್ಲ. ಅದು ಅವರಿಗೇಕೆ?

ನಿನ್ನನ್ನು ದೂರುತ್ತಿಲ್ಲ ಕಂದಾ. ತೂರಾಡುವವನನ್ನು ಕಂಡರೆ ಯಾರಿಗಾದರೂ ಬರುವ ಯೋಚನೆಯೇ ನಿನಗೂ ಬಂತು. ಆದರೆ ಇನ್ನೊಂದು ಏಟು ಯಾವಾಗ ಬೇಕಾದರೂ ಬೀಳಬಹುದಂತೆ. ಅಷ್ಟರೊಳಗೆ ಒಮ್ಮೆ ಬಂದು ಹೋಗು.

ಗುಂಡ ಗಟ್ಟಿಮುಟ್ಟಾಗಿ ಬೆಳೆಯಲಿ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ಸೋದರತ್ತೆ

ಮತ್ತೊಂದು ವಿಷಯ: ಇದನ್ನು ಬರೆಯುವುದು ಬೇಡವೆಂದುಕೊಂಡಿದ್ದೆ. ಅಪ್ಪನಿಗೆ ಒಂದೇ ಒಂದು ಮಾತು ಉಳಿದಿದೆ. ಹೆಸರೇನು ಎಂದು ಡಾಕ್ಟರಮ್ಮ ಕೇಳಿದರೆ "ಕುಡ್ದಿಲ್ಲ" ಅನ್ನುತ್ತಾನೆ. ಹಸಿವಾ ಎಂದರೂ ಅದೇ, ಹೊದಿಸಲಾ ಎಂದರೂ ಅದೇ. ಬೇರೆ ಮಾತಿಗಾಗಿ ತಡಕಾಡುತ್ತಾನೆ, ಸಿಗುವುದಿಲ್ಲ. "ಗೊತ್ತು ಕಣ್ರೀ, ಗೊತ್ತು" ಎಂದು ನಿನ್ನ ಅಮ್ಮ ಅವನ ಬಾಯಿ ಒರೆಸುತ್ತಾಳೆ. ಅವನು ಅವಳನ್ನು ದಾಟಿ ಬಾಗಿಲ ಕಡೆ ನೋಡಿಕೊಂಡು ಮತ್ತೆ ಅದನ್ನೇ ಹೇಳುತ್ತಾನೆ. ಬರಲಾಗದಿದ್ದರೆ ಎರಡು ಸಾಲಾದರೂ ಬೇಗ ಬರೆ. ಹೇಳಿದ್ದು ಅವನಿಗೆ ತಿಳಿಯುತ್ತದೆ, ನಾನು ಓದಿ ಹೇಳುತ್ತೇನೆ.