ಬಾನೆಟ್ಟಿನೊಳಗಿನ ನೈವೇದ್ಯ

॥ ಶ್ರೀ ಬಸವೇಶ್ವರ ಪ್ರಸನ್ನ ॥

ಬಿಬವೇವಾಡಿ, ಪುಣೆ
೧೮ ನವೆಂಬರ್ ೨೦೦೧, ರವಿವಾರ

ಚಿ. ಮಾಧುರಿಗೆ ಅಪ್ಪನ ಮನಃಪೂರ್ವಕ ಆಶೀರ್ವಾದಗಳು.

ನಾನು, ನಿನ್ನ ತಾಯಿ ಇಬ್ಬರೂ ನೆಟ್ಟಗಿದ್ದೇವೆ. ನಿನ್ನ ಎರಡೂ ಕಾಗದಗಳು ಕೈಸೇರಿವೆ. ಒಂದು ಹಬ್ಬಕ್ಕೆ ಮುಂಚೆ, ಇನ್ನೊಂದು ಪಾಡ್ಯದ ಮರುದಿನ. ಚೆನ್ನೈಯ ಸಾರು ಕೊನೆಗೂ ನಿನ್ನ ನಾಲಿಗೆಗೆ ಒಗ್ಗಿತೆಂದು ಓದಿ ನಿನ್ನ ತಾಯಿಗೆ ಅರ್ಧ ಖುಷಿ, ಅರ್ಧ ಬೇಜಾರು. ಉತ್ತರ ಬರೆಯದೆ ಇಷ್ಟು ದಿನ ತಳ್ಳಿದ್ದಕ್ಕೆ ಸಿಟ್ಟಾಗಬೇಡ. ಮಾರ್ಕೆಟ್ ಯಾರ್ಡಿನ ಅಡತಿ ಅಂಗಡಿಯಲ್ಲಿ ದೀಪಾವಳಿಯ ಗದ್ದಲ, ಹೊಸ ಕನ್ನಡಕ ಇನ್ನೂ ಬಂದಿಲ್ಲ ಎಂದೆಲ್ಲ ಬರೆಯಬಹುದಿತ್ತು. ಬೇಡ, ಈ ತಿಂಗಳು ನಾನು ಹೇಳಿದ ಸುಳ್ಳು ಒಂದೇ ಸಾಕು. ಅದನ್ನು ಒಪ್ಪಿಕೊಳ್ಳಲಿಕ್ಕೇ ಈಗ ಕುಳಿತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಅಲ್ಲಿ ನಿನ್ನ ಹಾಸ್ಟೆಲಿನ ಫೋನಿನ ಮುಂದೆ ಹುಡುಗಿಯರ ಸಾಲು, ಇಲ್ಲಿ ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ನಿನ್ನ ತಾಯಿ.

ಸುತ್ತಿ ಬಳಸಿ ಹೇಳುವುದಿಲ್ಲ. ನಿನ್ನ ಗಾಡಿಯ ವಾಯರುಗಳನ್ನು ಇಲಿ ಕಡಿದದ್ದು ಮೋಹನದಾಸರ ಹೋಟೆಲಿನ ಹಿತ್ತಲಲ್ಲಿ ಅಲ್ಲ, ನಮ್ಮ ಮನೆಯ ಮುಂದೆ. ಆ ಇಲಿಗಳನ್ನು ಊಟಕ್ಕೆ ಕರೆದವನೂ ನಾನೇ. ಮೋಹನದಾಸರದು ಎಳ್ಳಷ್ಟೂ ತಪ್ಪಿಲ್ಲ. ಇಷ್ಟು ಓದಿ ಕಾಗದ ಮಡಚಿಡಬೇಡ, ಯಾಕೆ ಹೀಗಾಯಿತೆಂದು ಹೇಳಲಿಕ್ಕೆ ಅವಕಾಶ ಕೊಡು.

ನನಗೆ ಆ ಮನುಷ್ಯನ ಮೇಲೆ ಹೊಟ್ಟೆಕಿಚ್ಚು. ನಿನ್ನೆ ಮೊನ್ನೆಯದಲ್ಲ, ನಾಲ್ಕು ವರ್ಷದ್ದು.

ನೀನೇ ಹೇಳು, ಫೋರ್ಡ್ ಎಂಬ ಹೆಸರನ್ನು ನಿನ್ನ ಬಾಯಿಗೆ ಹಾಕಿದವರು ಯಾರು? ಜ್ವರ ಬಂದು ಮಲಗಿದಾಗ ಬೇರೆ ಮಕ್ಕಳು ರಾಜ ರಾಣಿ ಕಥೆ ಕೇಳಿದರೆ ನೀನು ಗಾಡಿ ಕಥೆ ಕೇಳುತ್ತಿದ್ದೆ. ವಿಜಾಪುರದ ಅರಳೆ ಸಾಹುಕಾರರ ಫೋರ್ಡ್ ಓಡಿಸುತ್ತಿದ್ದ ನಿನ್ನ ಅಜ್ಜ, ಮುಂದೆ ಹ್ಯಾಂಡಲ್ ತಿರುವಿ ಎಂಜಿನ್ ಎಬ್ಬಿಸುತ್ತಿದ್ದ ಕಥೆ. ಅಮೆರಿಕದಲ್ಲಿ ಆ ಕಂಪನಿ ವರ್ಷಗಟ್ಟಲೆ ಮಾಡಲ್ ಟಿ ಗಾಡಿಯನ್ನು ಕಪ್ಪು ಬಣ್ಣದಲ್ಲಷ್ಟೇ ಮಾರಿದ ಕಥೆ. "ದೃಷ್ಟಿ ಆಗಬಾರದಂತ ಕರಿ ಬಣ್ಣ ಹಚ್ಚತಿದ್ರೇನಪಾ?" ಎಂದು ನೀನು ಕೇಳಿದ್ದು ನೆನಪಿದೆಯೇ? ಆಗ ನಿನಗೆ ಆರು ವರ್ಷ. ಕೆಲಸಗಾರ ನಿಂತಲ್ಲೇ ನಿಂತಿರುತ್ತಾನೆ, ಗಾಡಿಯೇ ಅವನ ಮುಂದೆ ಸಾಗಿ ಬರುತ್ತದೆ, ಹೀಗೆ ಮಾಡಿ ಹನ್ನೆರಡು ತಾಸಿನ ಕೆಲಸವನ್ನು ಒಂದೂವರೆ ತಾಸಿಗೆ ಇಳಿಸಿದರು ಎಂದಾಗ ನೀನು ನಿನ್ನ ತಾಯಿಯ ಡಬ್ಬಿಗಳನ್ನೆಲ್ಲ ಅಡಿಗೆಮನೆಯಲ್ಲಿ ಸಾಲಾಗಿ ತಳ್ಳುತ್ತಾ ಮುಚ್ಚಳ ಹಾಕುವ ಆಟ ಆಡಿದೆ. ಸಾಸಿವೆ ಡಬ್ಬಿಯ ಮುಚ್ಚಳ ಇವತ್ತಿಗೂ ಸರಿಯಾಗಿ ಕೂಡುವುದಿಲ್ಲ. ಇಪ್ಪತ್ತಾರರಲ್ಲಿ ಹಿಂದುಸ್ತಾನಕ್ಕೆ ಬಂದ ಆ ಕಂಪನಿ ಐವತ್ತರ ದಶಕದಲ್ಲಿ ಬಾಗಿಲು ಹಾಕಿಕೊಂಡು ಹೋಗಿ, ತೊಂಬತ್ತೈದರಲ್ಲಿ ಮಹೀಂದ್ರದವರ ಕೈಹಿಡಿದು ಮತ್ತೆ ಬಂದಾಗ ಪೇಪರಿನ ತುಂಡು ಕತ್ತರಿಸಿ ನಿನ್ನ ಪುಸ್ತಕದಲ್ಲಿಟ್ಟವನೂ ನಾನೇ.

ಇಷ್ಟೆಲ್ಲ ನನ್ನದು. ಗಾಡಿ ಮಾತ್ರ ಅವರದು.

ತೊಂಬತ್ತೇಳರಲ್ಲಿ ಮೋಹನದಾಸರು ಹೊಸ ಎಸ್ಕಾರ್ಟ್ ತಂದು ನಮ್ಮ ಅಡತಿ ಅಂಗಡಿಯ ಮುಂದೆ ನಿಲ್ಲಿಸಿದ ದಿನ ನಾನು ಮೆಣಸಿನಕಾಯಿ ಚೀಲಗಳ ಮಧ್ಯೆ ನಿಂತಿದ್ದೆ. ಅದುವರೆಗೆ ಅವರು ನನಗೆ ಧನಕವಡಿಯ ಹೋಟೆಲಿಗೆ ಬ್ಯಾಡಗಿ ಒಯ್ಯುವ ಗಿರಾಕಿ ಅಷ್ಟೆ. "ಉಡುಪಿ ತನಕ ಹೋಗಿ ಬಂದೆ ಮಾರಾಯ್ರೇ, ಹೊಟ್ಟೆಯ ನೀರು ಅಲ್ಲಾಡ್ಲಿಲ್ಲ!" ಎಂದರು. ಆ ಕಂಪನಿಯ ಇತಿಹಾಸ ಅವರಿಗೆ ನಾಲ್ಕು ಸಾಲೂ ಗೊತ್ತಿರಲಿಲ್ಲ. ನಾನು ಹೇಳಿದೆ. ಅವರು ಬಾಯಿ ತೆರೆದು ಕೇಳಿ, ರವಿವಾರ ನಮ್ಮನ್ನೆಲ್ಲ ಕೂಡಿಸಿಕೊಂಡು ಕಾತ್ರಜ್ ಘಾಟಿಗೆ ಹೋದರು. ಮರುವರ್ಷ ನಿನಗೆ ಹತ್ತೊಂಬತ್ತು ತುಂಬಿದಾಗ ಸ್ಟಿಯರಿಂಗ್ ಹಿಡಿಸಿದರು.

ಆ ರವಿವಾರಗಳು ನಿನಗೆ ಹಬ್ಬ. ನಾನು ಹಿಂದಿನ ಸೀಟಿನಲ್ಲಿ ಚಕ್ಕುಲಿ ಡಬ್ಬಿ ಹಿಡಿದುಕೊಂಡು ಕೂಡುತ್ತಿದ್ದೆ. ಮೂರನೆಯ ವಾರವೋ ಏನೋ, ನಾನು ಗೇರಿನ ಬಗ್ಗೆ ಏನೋ ಹೇಳಹೋದೆ. ನೀನು ಕನ್ನಡಿಯಲ್ಲೇ ನನ್ನನ್ನು ನೋಡಿ, "ಅಪ್ಪಾ, ಒಂಚೂರು ಸುಮ್ಮನ ಕುಂದರ್ರಿ, ಕಾಕಾ ಹೇಳೂದು ಕೇಳಸವಲ್ದು" ಎಂದೆ. ನೀನು ಮರೆತಿರುತ್ತೀ. ಅಂದಿನಿಂದ ಆ ಗಾಡಿಯಲ್ಲಿ ನಾನು ಇತಿಹಾಸ ಹೇಳಿಲ್ಲ.

ಈ ವರ್ಷ ಮೇ ತಿಂಗಳಲ್ಲಿ ನಿನ್ನ ಸ್ವಂತ ಐಕಾನ್ ಬಂತು. ನೀನು ಕೆಲಸ ಮಾಡುವ ಕಂಪನಿಯ ರಬ್ಬರ್ ಪಟ್ಟಿ ಅದರ ಬಾಗಿಲಿಗೆ ಇದೆಯೆಂದು ನೀನು ಬೆರಳಿಟ್ಟು ತೋರಿಸಿದಾಗ ನನ್ನ ಎದೆ ಎರಡು ಗೇಣು ಉಬ್ಬಿತ್ತು. ಶೋರೂಮಿನವರು ಕೀಲಿ ಕೊಟ್ಟರು, ನೀನು ನನಗೆ ನಮಸ್ಕಾರ ಮಾಡಿದೆ. ನಾಲ್ಕು ಚಕ್ರಕ್ಕೆ ನಾಲ್ಕು ಲಿಂಬೆಹಣ್ಣು ಇಟ್ಟವನು ನಾನು, ಕಾಯಿ ಒಡೆದವನು ನಾನು. ಆಮೇಲೆ ನೀನು ಕೀಲಿಯನ್ನು ಅವರ ಕೈಗೆ ಕೊಟ್ಟು, "ಮೊದಲ್ನೇ ಸಲ ನೀವಽ ಹೊಡೀರಿ ಕಾಕಾ" ಎಂದೆ. ಅವರು ಓಡಿಸಿದರು, ನೀನು ಪಕ್ಕದಲ್ಲಿ ಕುಳಿತೆ. ಹಿಂದೆ ನಾನು, ನಿನ್ನ ತಾಯಿ, ಒಡೆದ ಕಾಯಿ.

ಆಗಸ್ಟಿನಲ್ಲಿ ಕಂಪನಿಯ ಕೆಲಸಕ್ಕೆ ಚೆನ್ನೈಗೆ ಹೊರಟಾಗ ನೀನು ಗಾಡಿಯನ್ನು ಅವರ ಬಳಿಯೇ ಬಿಟ್ಟೆ. ವಾರಕ್ಕೊಮ್ಮೆ ಓಡಿಸಬೇಕು, ಸೈಕಲ್ ಬಿಟ್ಟರೆ ನನಗೆ ಬೇರೇನೂ ಬಾರದು ಎಂಬುದು ನನಗೂ ಗೊತ್ತು. ಗೊತ್ತಿದ್ದರೂ ಉರಿಯುವುದು ಉರಿಯಿತು. ಅಂಗಡಿಗೆ ಹೋಗುವಾಗ ಎರಡು ಸಲ ಧನಕವಡಿಯ ಕಡೆಯಿಂದ ಸುತ್ತು ಹಾಕಿಕೊಂಡು ಹೋಗಿ ನೋಡಿದ್ದೇನೆ. ತೊಳೆದು ಒರೆಸಿ ಇಟ್ಟಿದ್ದರು. ಒಂದು ಗೀರಾದರೂ ಬಿದ್ದಿದೆಯೇ ಎಂದು ಹುಡುಕಿದೆ. ಇರಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಮಹಾನವಮಿಗೆ ನನಗೊಂದು ಉಪಾಯ ಹೊಳೆಯಿತು. ಖಂಡೇ ಪೂಜೆ ಗಾಡಿಯ ಒಡತಿಯ ಮನೆಯಲ್ಲೇ ಆಗಬೇಕು ಎಂದೆ. ಮೋಹನದಾಸರು ಸಂತೋಷದಿಂದ ತಂದು ನಿಲ್ಲಿಸಿದರು. ಪೂಜೆಯಾದ ಮೇಲೆ, "ಪೂಜಿ ಆದ ಸಾಮಾನು ಬನ್ನಿ ಕೊಡೂತನಾ ಅಲುಗಾಡಸಬಾರದ್ರಿ" ಎಂದು ಕೀಲಿ ಇಸಿದುಕೊಂಡೆ. ಬನ್ನಿ ಮುಗಿಯಿತು. ಶೀಗಿಹುಣ್ಣಿವೆಯ ತನಕ ನಮ್ಮಲ್ಲಿ ಹಾಗೇ ಇಡುವ ಪದ್ಧತಿ ಎಂದೆ. ಅಂಥ ಪದ್ಧತಿ ನಮ್ಮ ಏಳು ತಲೆಮಾರಿನಲ್ಲಿ ಇಲ್ಲ.

"ಅಲ್ಲ ಮುರುಗೆಪ್ಪನವರೇ, ಎಷ್ಟು ದಿವಸ ಹೀಗೇ ನಿಲ್ಲಿಸುದು? ಬ್ಯಾಟರಿ ಕೂತುಬಿಡ್ತದೆ" ಎಂದು ಅವರು ಎರಡು ಸಲ ಬಂದು ಹೇಳಿದರು.

"ನಿಮ್ಮ ಕಡೆ ನಡೀತದ, ನಮ್ಮ ಕಡೆ ನಡ್ಯೂದಿಲ್ರಿ" ಎಂದೆ.

ಅವರು ಹೋದ ಮೇಲೆ ನಿನ್ನ ತಾಯಿ ಬಾಗಿಲಲ್ಲೇ ನಿಂತು, "ನಿಮ್ಮ ಹೊಟ್ಟಿ ಉರೀತದಂತ ಆ ಗಾಡಿ ಯಾಕ ಬಿಸಲಾಗ ಸುಡ್ತೀರಿ?" ಎಂದಳು.

ಇನ್ನು ಇಲಿಯ ವಿಷಯ. ನಮ್ಮ ಅಂಗಡಿಯಲ್ಲಿ ನವಮಿಯ ದಿನ ತಕ್ಕಡಿಗೆ ಪೂಜೆ ಮಾಡಿ ತಟ್ಟೆಯಲ್ಲಿ ಬೆಲ್ಲ, ಕೊಬ್ಬರಿ, ಚುರುಮುರಿ ಇಟ್ಟು ಹಾಗೇ ಬಿಡುತ್ತೇವೆ, ಯಾರೂ ಮುಟ್ಟುವುದಿಲ್ಲ. ಮೂವತ್ತು ವರ್ಷ ಮಾಡಿದ ಕೈ. ಸ್ಟಿಯರಿಂಗಿಗೆ ಹೂ ಏರಿಸಲು ನನಗೆ ಮನಸ್ಸಾಗಲಿಲ್ಲ, ಅದು ಅವರು ಹಿಡಿದ ಜಾಗ. ಗಾಡಿಯ ಜೀವ ಇರುವುದು ಎಂಜಿನ್ನಿನಲ್ಲಿ ಎಂದು ಬಾನೆಟ್ ತೆಗೆಸಿ, ವಿಭೂತಿ ಹಚ್ಚಿ, ಅವರು ಮನೆಯೊಳಗೆ ಚಹಾ ಕುಡಿಯುತ್ತಿದ್ದಾಗ ಒಂದು ಬೊಗಸೆ ನೈವೇದ್ಯ ಒಳಗಿಟ್ಟು, ಮುಚ್ಚಿಬಿಟ್ಟೆ. ಮಾರ್ಕೆಟ್ ಯಾರ್ಡಿನ ಇಲಿಗಳ ಸಂಗಡ ಇಡೀ ಜನ್ಮ ಕಳೆದವನಿಗೆ ಅಷ್ಟೂ ಹೊಳೆಯಲಿಲ್ಲ ನೋಡು.

ಹುಣ್ಣಿವೆಯ ಮರುದಿನ ಮೋಹನದಾಸರು ಬಂದು ಕೀಲಿ ತಿರುವಿದರು. ಗಾಡಿ ಕಮಕ್ ಕಿಮಕ್ ಎನ್ನಲಿಲ್ಲ. ಮೆಕ್ಯಾನಿಕ್ ಕುಶಲನನ್ನು ಕರೆಸಿದರು. ಅವನು ಬಾನೆಟ್ ಎತ್ತಿ, "ಕಾಕಾ, ಉಂದರಾನಿ ಸಗಳಿ ವಾಯರಿಂಗ್ ಖಾಲ್ಲಿ!" ಎಂದು ಮರಾಠಿಯಲ್ಲಿ ಕೂಗಿದ. ಇಲಿಗಳು ಬೆಲ್ಲ ತಿಂದು, ಕೊಬ್ಬರಿ ತಿಂದು, ಬಾಯಿಚಪಲಕ್ಕೆ ವಾಯರುಗಳನ್ನೂ ತಿಂದಿದ್ದವು. ಚುರುಮುರಿ ಅಲ್ಲಲ್ಲಿ ಉಳಿದಿತ್ತು. ಮೋಹನದಾಸರು ಬಗ್ಗಿ ಅದನ್ನೆಲ್ಲ ಆರಿಸಿ ತಮ್ಮ ಕರವಸ್ತ್ರದಲ್ಲಿ ಕಟ್ಟಿಕೊಂಡರು. ಕುಶಲ ಆಚೆ ಹೋದ ಮೇಲೆ ಮೆಲ್ಲಗೆ, "ಇಟ್ಟದ್ದು ಯಾರು ಅಂತ ನಾನು ಕೇಳುದಿಲ್ಲ. ಹುಡುಗಿಗೆ ಏನು ಹೇಳುದು ಅಂತ ನೀವೇ ನೋಡಿ" ಎಂದರು.

ನಾನು ನೋಡಿಕೊಂಡೆ. ಅಂದು ಸಂಜೆ ನಿನ್ನ ಫೋನ್ ಬಂದಾಗ, "ಹೋಟೆಲಿನ ಹಿಂದೆ ಮುಸುರೆ ಡ್ರಮ್ಮಿನ ಹತ್ರ ನಿಲ್ಲಸತಿದ್ರವಾ, ಅಲ್ಲೇ ಇಲಿ ಹೊಕ್ಕಾವ" ಎಂದುಬಿಟ್ಟೆ. ನೀನು ಬಹಳ ಹೊತ್ತು ಮಾತಾಡಲಿಲ್ಲ. ಆ ಮೌನ ನನಗೆ ಸಿಹಿಯಾಗಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಸಿಹಿಯಾಗಿತ್ತು.

ಆಮೇಲೆ ನೀನು ಅವರಿಗೆ ಫೋನ್ ಮಾಡಿ ಕೇಳಿದ್ದೂ, ಅವರು "ಹೌದು ಮಗಾ, ನಂದೇ ಅಜಾಗ್ರತೆ" ಎಂದು ಒಪ್ಪಿಕೊಂಡದ್ದೂ ಅವರ ಮನೆಯಾಕೆ ಲೀಲಾಕ್ಷಿಯವರು ಹೇಳಿದ ಮೇಲೇ ನಮಗೆ ಗೊತ್ತಾದದ್ದು. "ಮಾಧುರಿ ಫೋನ್ ಇಟ್ಟ ಮೇಲೆ ನಮ್ಮವರು ಊಟಕ್ಕೆ ಏಳ್ಳೇ ಇಲ್ಲ" ಎಂದು ಆಕೆ ನಿನ್ನ ತಾಯಿಯ ಹತ್ತಿರ ಕಣ್ಣೀರು ಹಾಕಿದರಂತೆ. ನೋಡು, ಆ ಮನುಷ್ಯ ಕೆಟ್ಟವನಾಗಿದ್ದರೆ ನನ್ನ ಹೊಟ್ಟೆಕಿಚ್ಚಿಗೆ ಒಂದು ಮರ್ಯಾದೆಯಾದರೂ ಇರುತ್ತಿತ್ತು. ಒಳ್ಳೆಯವನಾಗಿದ್ದುಕೊಂಡೇ ನನ್ನ ಮಾನ ಕಳೆದ.

ಗಾಡಿಯನ್ನು ಅಪ್ಪನಿಗೇ ಒಪ್ಪಿಸಿರೆಂದು ನೀನು ಅವರಿಗೆ ಹೇಳಿದ ಪ್ರಕಾರ ಪಾಡ್ಯದ ದಿನ ಅವರು ಎರಡೂ ಕೀಲಿಗಳನ್ನು ಒಂದು ಡಬ್ಬಿ ಮೈಸೂರುಪಾಕಿನ ಜೊತೆ ತಂದುಕೊಟ್ಟರು. ಗಾಡಿ ದುರಸ್ತಿಯಾಗಿ ಬಾಗಿಲಿಗೆ ಬಂತು. ನಾನು ಗೆದ್ದೆ. ಕೀಲಿಗಳನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಒಂದು ದಿನ ತಿರುಗಾಡಿದೆ. ಓಡಿಸಲು ಬಾರದವನ ಕಿಸೆಯಲ್ಲಿ ಎರಡೆರಡು ಕೀಲಿ. ನಿನ್ನ ತಾಯಿ ಮೈಸೂರುಪಾಕಿನ ಡಬ್ಬಿ ಮುಚ್ಚಿಟ್ಟು, "ಆ ಮನಷ್ಯಾ ನಿಮ್ಮ ತಪ್ಪು ತನ್ನ ತಲಿ ಮ್ಯಾಲೆ ಹೊತ್ಕೊಂಡಾನ. ನೀವು ಕಾಗದಾ ಬರೀತೀರೋ, ನಾ ಫೋನ್ ಹಚ್ಚಲ್ಯೋ?" ಎಂದಳು.

ಇಂದು ಬೆಳಿಗ್ಗೆ ಧನಕವಡಿಗೆ ಹೋಗಿ ಕೀಲಿಗಳನ್ನು ಅವರ ಗಲ್ಲಾಪೆಟ್ಟಿಗೆಯ ಮೇಲಿಟ್ಟೆ. ಕ್ಷಮಿಸಿ ಎನ್ನುವುದಿತ್ತು, "ಚಹಾ ಚಲೋ ಆಗೇದ್ರಿ" ಎಂದೆ. ಅವರು ಕೀಲಿ ಮುಟ್ಟಲಿಲ್ಲ. "ಅವಳ ಗಾಡಿ, ಅವಳೇ ಹೇಳ್ಬೇಕು" ಎಂದು ನನ್ನ ಕಡೆಗೇ ಸರಿಸಿದರು. ಹಾಗಾಗಿ ಈ ಕಾಗದ ಮುಟ್ಟಿದ ಕೂಡಲೇ ನನಗಲ್ಲ, ಮೊದಲು ಅವರಿಗೆ ಫೋನ್ ಮಾಡು. ಅಪ್ಪ ಸುಳ್ಳು ಹೇಳಿದನೆಂದು ಬಾಯಿಬಿಟ್ಟು ಹೇಳು. ಆಮೇಲೆ ನನಗೆ ಎಷ್ಟು ಬೈಯಬೇಕೋ ಬೈಯಿ, ಸಾಲಿನಲ್ಲಿ ನಿಂತ ಹುಡುಗಿಯರು ಕಾಯಲಿ.

ಮೈ ಕಡೆ ಲಕ್ಷ್ಯವಿರಲಿ. ರಾತ್ರಿ ಪಾಳಿಯಿದ್ದರೆ ಒಬ್ಬಳೇ ಬರಬೇಡ. ನಿನ್ನ ತಾಯಿ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಟ್ಟಿದ್ದಾಳೆ, ಬರುವವರಿದ್ದರೆ ಕಳಿಸುತ್ತೇವೆ. ಬಸವಣ್ಣ ನಿನ್ನನ್ನು ಸುಖವಾಗಿಟ್ಟಿರಲಿ, ನಿನ್ನ ದಾರಿ ಯಾವಾಗಲೂ ನಿಚ್ಚಳವಾಗಿರಲಿ.

ನಿನ್ನ ಅಪ್ಪ,
ಮುರುಗೆಪ್ಪ

ತಾ. ಕ.: ಮೇಲಿನದೆಲ್ಲ ನಿಜ, ಆದರೆ ಪೂರ್ತಿ ಅಲ್ಲ. ನವಮಿಯ ಬೆಳಿಗ್ಗೆ ವಿಭೂತಿ ಇಡಲೆಂದು ಗಾಡಿಯೊಳಗೆ ಮುಂದಿನ ಸೀಟಿನ ಎದುರಿನ ಖಾನೆ ತೆಗೆದೆ. ಕಂಪನಿಯ ಪುಸ್ತಕ ಸಿಕ್ಕಿತು. ಆಸೆಯಿಂದ ಓದಲು ತೆರೆದೆ. ಮೊದಲ ಪುಟದಲ್ಲಿ ಮಾಲೀಕರ ಹೆಸರಿನ ಕೆಳಗೆ, ಅಪಘಾತವಾದರೆ ಯಾರಿಗೆ ತಿಳಿಸಬೇಕು ಎಂಬ ಕಡೆ, ನಿನ್ನ ದುಂಡು ಅಕ್ಷರದಲ್ಲಿ ಮೋಹನದಾಸರ ಹೆಸರು, ಹೋಟೆಲಿನ ನಂಬರು. ನಾನು ಕೀಲಿ ಇಸಿದುಕೊಂಡದ್ದು ಅದನ್ನು ಓದಿದ ಮೇಲೆ. ನಮ್ಮ ಮನೆಯಲ್ಲಿಯೂ ಫೋನಿದೆ ಮಗಳೇ, ಎರಡು ವರ್ಷವಾಯಿತು. ನೀನು ಬರೆದದ್ದು ಸರಿಯೇ ಇರಬಹುದು. ಅವರು ಗಾಡಿ ಹತ್ತಿ ನಿನ್ನ ಬಳಿ ಓಡಿ ಬರಬಲ್ಲರು, ನಾನು ರಿಕ್ಷಾ ಹುಡುಕುತ್ತಾ ನಿಲ್ಲುತ್ತೇನೆ. ಆದರೂ ನಿನಗೆ ಏನಾದರೂ ಆದರೆ ಅದು ನನಗೆ ಇನ್ನೊಬ್ಬರ ಬಾಯಿಂದ ತಿಳಿಯಬೇಕೇ? ಅವರ ಹೆಸರು ಅಳಿಸಬೇಡ. ಅದರ ಕೆಳಗೆ ಇನ್ನೊಂದು ಸಾಲಿಗೆ ಜಾಗವಿದೆ. ನಾನೇ ಬರೆಯೋಣವೆಂದು ಎರಡು ಸಲ ಪೆನ್ನು ತೆಗೆದೆ, ಬರೆಯಲಿಲ್ಲ. ಅದು ನೀನು ಬರೆಯಬೇಕಾದದ್ದು.