ಸುಟ್ಟ ತಾಮ್ರದ ಗಂಟು

ತೆರಕಣಾಂಬಿ, 14-3-2007

ಚಾಮರಾಜನಗರ ಜೈಲಿನ ಸಾಹೇಬರಿಗೆ ಚಿಕ್ಕರಂಗಯ್ಯನ ನಮಸ್ಕಾರ.

ಈ ಕತೆ ಮೊದಲು ಹೇಳಿದವಳು ಪುಟ್ಟಮಾದಮ್ಮ, ಮೊನ್ನೆ ಸೋಮವಾರ ಸಂಜೆ, ನಮ್ಮ ಜಗಲಿಯಲ್ಲಿ. ಅವಳ ಪಂಪ್‌ಸೆಟ್ ಮೋಟರು ಕದ್ದೇ ಶಿವಮಲ್ಲು ನಿಮ್ಮಲ್ಲಿಗೆ ಬಂದಿದ್ದು. ನೀವು ವಾರವಾರ ಗುಂಡ್ಲುಪೇಟೆಯ ಮೇಸ್ತ್ರಿಯನ್ನು ಕರೆಸಿ, ಅವನಿಗೆ ಮೋಟರು ರಿಪೇರಿ ಕಲಿಸಿದಿರಿ. ಆದರೆ ಮೋಟರು ಕಳ್ಳನ ಕೈಗೆ ಮೋಟರು ಕೊಡುವವರು ಯಾರು? ಬಿಡುಗಡೆಯಾಗಿ ಎರಡು ತಿಂಗಳು ಸುಮ್ಮನೆ ಕೂತಿದ್ದ. ಕೊನೆಗೆ ಪುಟ್ಟಮಾದಮ್ಮನೇ ಸುಟ್ಟುಹೋದ ತನ್ನ ಮೋಟರನ್ನು, ಒಳಗಿನ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತಿಕೊಡು ಎಂದು ಕೊಟ್ಟಳು.

“ಸುಟ್ಟ ತಾಮ್ರವ ರಿಪೇರಿಯವ್ರೇ ಮಡಿಕತಾರೆ. ಇವ್ನು ಅದ್ನೂ ಗಂಟು ಕಟ್ಕ ಬಂದು, ‘ತಕ್ಕೊ ಅವ್ವಾ, ನಿಂದು’ ಅಂದ್ಬುಟ್ಟ ಕಣ್ರಪ್ಪಾ!” ಎಂದಳು.

ಕೆಲಸ ಕಲಿತ ಇನ್ನೊಬ್ಬನು ಬಿಡುಗಡೆಯಾದರೆ ಇಲ್ಲಿಗೇ ಕಳಿಸಿಕೊಡಿ. ಶಿವಮಲ್ಲು ಒಬ್ಬನಿಗೆ ಕೈ ಸಾಲದು. ಕತೆ ಕೇಳಿದವರೆಲ್ಲ ಮಾರನೆಯ ಬೆಳಿಗ್ಗೆ, ಕೆಟ್ಟು ಮೂಲೆಗೆ ಬಿದ್ದಿದ್ದ ಮೋಟರುಗಳನ್ನು ಗಾಡಿಗೆ ಹೇರಿಕೊಂಡು ಅವನ ಬಾಗಿಲಿಗೆ ಹೋದೆವು.

ಇಂತಿ,
ಚಿಕ್ಕರಂಗಯ್ಯ